ಮಾಲೀಕರ ಹೆಸರಿನ ಖಾಲಿ ಜಾಗ

ಮನೆ, ಅಡುಗೆಮನೆ ಪಕ್ಕದ ಕೋಣೆ
ತಾರೀಖು 14, ಗುರುವಾರ, ಬೆಳಿಗ್ಗೆ

ಪ್ರೀತಿಯ ಗುಂಡಾ,

'ಪ್ರೀತಿಯ' ಎಂದು ಬರೆದದ್ದು ಕೈಯ ಅಭ್ಯಾಸ, ಅದಕ್ಕೆ ಹೆಚ್ಚು ಬೆಲೆ ಕೊಡಬೇಡ. ಹೊಡೆದುಹಾಕೋಣ ಅಂದುಕೊಂಡೆ, ಮೊದಲ ಸಾಲಿನಲ್ಲೇ ಗೀಚಿದರೆ ಒಳ್ಳೆಯ ಕಾಗದ ಹಾಳಾಗುತ್ತದೆ ಎಂದು ಬಿಟ್ಟೆ. ಹೇಗಿದ್ದೀಯ? ಗಂಟಲು ಕೆಟ್ಟಿತ್ತಲ್ಲ, ವಾಸಿಯಾಯಿತೆ? ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು ಎಂದು ಅಮ್ಮ ಹೇಳಿದ್ದಾಳೆ. ಊಟ ಹೊತ್ತಿಗೆ ಸರಿಯಾಗಿ ಮಾಡು ಎಂದೂ ಹೇಳಿದ್ದಾಳೆ. ಇಷ್ಟನ್ನು ಅಮ್ಮನ ಪರವಾಗಿ ಬರೆದೆ. ನನಗೂ ಕೇಳಬೇಕು ಅನಿಸುತ್ತದೆ, ಸುಳ್ಳು ಯಾಕೆ ಹೇಳಲಿ. ನಿನ್ನ ಮೇಲೆ ಇಷ್ಟು ಕೋಪ ಇದ್ದರೂ ನಿನ್ನ ಗಂಟಲು ಹೇಗಿದೆಯೋ ಎಂಬ ಚಿಂತೆ ಬಿಡುವುದಿಲ್ಲವಲ್ಲ, ಅದಕ್ಕೇ ಇನ್ನೂ ಮೈ ಉರಿಯುತ್ತದೆ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀನು ನಗಬಹುದು. ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಮೆಸೇಜು ಹಾಕಿದೆ, ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ನಿಮ್ಮ ಭಾವನ ಫೋನಿನಿಂದ ಮಾಡಿದರೆ ಎತ್ತಿ, ನನ್ನ ದನಿ ಕೇಳಿದ ತಕ್ಷಣ "ಮೀಟಿಂಗಲ್ಲಿದೀನಿ" ಅಂದು ಇಟ್ಟುಬಿಟ್ಟೆ. ಹಿಂದೆ ಬಾಗಿಲು ತೆರೆದ ಸದ್ದು, ಪಾತ್ರೆ ಬಿದ್ದ ಸದ್ದು ಎಲ್ಲ ಕೇಳಿಸಿತು ಮಾರಾಯ. ಯಾವ ಮೀಟಿಂಗಿನಲ್ಲಿ ಪಾತ್ರೆ ತೊಳೆಯುತ್ತಾರೆ? ಅದಕ್ಕೇ ಈ ಕಾಗದವನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಸಹಿ ಹಾಕದಿದ್ದರೆ ಪೋಸ್ಟಿನವನು ಕೊಡುವುದಿಲ್ಲ. ಸಹಿ ಹಾಕುವುದು ನಿನಗೇನು ಕಷ್ಟವಲ್ಲ, ಏನಿದೆ ಎಂದು ನೋಡದೆ ದಿನಕ್ಕೆ ನೂರು ಹಾಕುತ್ತೀಯ.

ಅಮ್ಮ ಚೆನ್ನಾಗಿದ್ದಾಳೆ. ಕೋಲಿಲ್ಲದೆ ಬಚ್ಚಲಿನವರೆಗೆ ಹೋಗುತ್ತಾಳೆ, ಹೊಸ್ತಿಲು ದಾಟುವಾಗ ಮಾತ್ರ ನನ್ನ ಭುಜ ಹಿಡಿಯುತ್ತಾಳೆ. ಸೊಂಟಕ್ಕೆ ಹಾಕಿದ ಲೋಹದ ಗುಂಡು ಹವಾ ತಣ್ಣಗಾದರೆ ತನಗೆ ಮೊದಲೇ ಸುದ್ದಿ ಕೊಡುತ್ತದೆ ಎನ್ನುತ್ತಾಳೆ. ದಿನಾ ಸಂಜೆ "ಗುಂಡ ಫೋನ್ ಮಾಡಿದ್ನಾ?" ಎಂದು ಕೇಳುತ್ತಾಳೆ, ನಾನು "ಮಾಡಿದ್ದ, ನೀನು ಮಲಗಿದ್ದೆ" ಎನ್ನುತ್ತೇನೆ. ಎಂಟು ದಿನದಿಂದ ಮುದುಕಿಗೆ ಸಂಜೆ ಐದಕ್ಕೆ ನಿದ್ದೆ ಹತ್ತಿಸಿದ್ದೇನೆ ನಿನ್ನ ದೆಸೆಯಿಂದ. ನನ್ನ ಕೆಲಸ ಹೋದದ್ದು ಅವಳಿಗೆ ಗೊತ್ತಿಲ್ಲ. ಪಕ್ಕದ ಮನೆಯ ಟೀಚರ್ ಬಂದಾಗ ಈಗಲೂ ಹೇಳಿಕೊಳ್ಳುತ್ತಾಳೆ, "ನನ್ನ ಮಗಳಿಗೆ ನನ್ನ ಮಗನೇ ಕೆಲಸ ಕೊಟ್ಟಿರೋದು" ಎಂದು. ಟೀಚರ್ ತಲೆಯಾಡಿಸುತ್ತಾರೆ, ನಾನು ಒಳಗೆ ಹೋಗಿ ಹಲ್ಲು ಕಡಿಯುತ್ತೇನೆ.

ನೀನು ಈ ಕೆಲಸ ತಂದು ಕೊಟ್ಟ ದಿನ ನೆನಪಿದೆಯಾ? ಇದೇ ಊಟದ ಮೇಜು. ಅಪ್ಪ ಬಟ್ಟೆ ಕತ್ತರಿಸುತ್ತಿದ್ದ ಮೇಜು ಎಂದು ನಾವು ಮಾರದೆ ಇಟ್ಟುಕೊಂಡದ್ದು. ಹದಿನಾಲ್ಕು ವರ್ಷ ನಮ್ಮೂರಿನ ಹಲ್ಲಿನ ಲ್ಯಾಬಿನಲ್ಲಿ ಸುಣ್ಣದ ಧೂಳು ಕುಡಿದು, ಮೇಣದಲ್ಲಿ ಹಲ್ಲು ಕೆತ್ತಿ ಬದುಕಿದವಳು ನಾನು. ನೀನು ಬಂದು, ಕಡಲಾಚೆಯ ದೊಡ್ಡ ಲ್ಯಾಬೊಂದಕ್ಕೆ ಕಂಪ್ಯೂಟರಿನಲ್ಲಿ ಹಲ್ಲು ಮಾಡುವವರು ಬೇಕು, ಮನೆಯಲ್ಲೇ ಕೂತು ಮಾಡಬಹುದು, ಮೂರು ಪಟ್ಟು ಸಂಬಳ ಎಂದೆ. ಅವರಿಗೆ ನಮ್ಮ ದೇಶದಲ್ಲಿ ಆಫೀಸೂ ಇಲ್ಲ, ಹೆಸರೂ ಇಲ್ಲ, ಹೇಗೆ ಆಳು ಇಟ್ಟುಕೊಳ್ಳುತ್ತಾರೆ ಎಂದು ನಾನು ಕೇಳಿದ್ದಕ್ಕೆ ನೀನು ಟೀ ಲೋಟ, ಸಕ್ಕರೆ ಡಬ್ಬಿ ಎಲ್ಲ ಮೇಜಿನ ಮೇಲೆ ಜೋಡಿಸಿ ಪಾಠ ಮಾಡಿದೆ. ಸಕ್ಕರೆ ಡಬ್ಬಿ ಆ ಲ್ಯಾಬು. ಕಪ್ಪು ನಾನು. ನಡುವೆ ಸಾಸರು ನಿಮ್ಮ ಕಂಪನಿ. ಒಂಬತ್ತು ದೇಶಗಳಲ್ಲಿ ನಿಮ್ಮದು ಒಂದೊಂದು ಬೋರ್ಡು ಇದೆ. ಅಂಥ ಲ್ಯಾಬುಗಳಿಗಾಗಿ ನೀವೇ ಆ ದೇಶದ ಕಾಯಿದೆ ಪ್ರಕಾರ ಜನರನ್ನು ನೇಮಿಸಿಕೊಳ್ಳುತ್ತೀರಿ, ಸಂಬಳ ಕೊಡುತ್ತೀರಿ, ರಜೆ ಬರೆಯುತ್ತೀರಿ. ಕೆಲಸ ಹೇಳುವವರು ಅವರು, ಕಾಗದದ ಮೇಲೆ ಮಾಲೀಕರು ನೀವು. "ಟೀ ಚೆಲ್ಲಿದ್ರೆ ಸಾಸರು ಹಿಡ್ಕೊಳ್ಳುತ್ತೆ ಅಕ್ಕಾ, ಒಂದು ಹನಿ ಆಚೆ ಹೋಗಲ್ಲ" ಅಂದೆ. ಎಷ್ಟು ಚೆನ್ನಾಗಿ ಹೇಳುತ್ತಾನೆ ನನ್ನ ತಮ್ಮ ಎಂದು ನಾನು ಹಿಗ್ಗಿದೆ. ಸಾಸರು ಇರುವುದು ಮೇಜಿನ ಬಟ್ಟೆ ಕೊಳೆಯಾಗದಿರಲಿ ಎಂದು, ಚೆಲ್ಲಿದ ಟೀಯನ್ನು ಯಾರೂ ವಾಪಸು ಕಪ್ಪಿಗೆ ಸುರಿಯುವುದಿಲ್ಲ ಎಂದು ಆಗ ಹೊಳೆಯಲಿಲ್ಲ.

ನಮ್ಮೂರಿನ ಲ್ಯಾಬಿನ ಹಳೆಯ ಯಜಮಾನರು ನಾನು ಬಿಡುವ ದಿನ ಒಂದೇ ಮಾತು ಹೇಳಿದ್ದರು, "ಕಣ್ಣಿಗೆ ಕಾಣೋ ಮಾಲೀಕನ ಹತ್ರ ಜಗಳಾನಾದ್ರೂ ಆಡಬಹುದಮ್ಮ." ಹೊಟ್ಟೆಕಿಚ್ಚಿಗೆ ಹೇಳುತ್ತಾರೆ ಅಂದುಕೊಂಡೆ. ಆದರೂ ಹೇಳುತ್ತೇನೆ, ಕೆಲಸ ನನಗೆ ಇಷ್ಟವಾಗಿತ್ತು ಗುಂಡಾ. ಯಾವುದೋ ದೇಶದ ಯಾರದೋ ಬಾಯಿಯ ಚಿತ್ರ ಪರದೆ ಮೇಲೆ ಬರುತ್ತದೆ. ಹೆಸರಿಲ್ಲ, ಬರೀ ಒಂದು ನಂಬರು. ಕೊರೆದ ಹಲ್ಲಿನ ಅಂಚು ಹುಡುಕಿ ಗೆರೆ ಎಳೆಯಬೇಕು, ಅಕ್ಕಪಕ್ಕದ ಹಲ್ಲಿಗೆ ತಾಗಿಯೂ ತಾಗದಂತೆ ಕೂರಿಸಬೇಕು, ಮೇಲಿನ ಹಲ್ಲು ಕಚ್ಚಿದಾಗ ಎಲ್ಲಿ ಒತ್ತುತ್ತದೆ ನೋಡಬೇಕು. ಮುಂದಿನ ಹಲ್ಲುಗಳೆಲ್ಲ ನನ್ನ ಪಾಲು. ದವಡೆ ಹಲ್ಲು ಬೆಕ್ಕಿನವಳದು. ಅವಳ ಸುದ್ದಿ ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಯಾಕೆಂದರೆ ನಿನಗೆ ಅವಳು ಒಂದು ಫೈಲು, ನನಗೆ ಗೆಳತಿ. ಬೇರೆ ದೇಶದವಳು, ನನ್ನ ಜೊತೆ ಒಂದೇ ದಿನ ಸೇರಿದವಳು, ನನ್ನ ಹಾಗೆಯೇ ನಿಮ್ಮ ಸಾಸರಿನಲ್ಲಿ ಕೂತವಳು. ಮೀಟಿಂಗಿನಲ್ಲಿ ಅವಳ ಬೆಕ್ಕು ಕ್ಯಾಮೆರಾ ಮುಂದೆ ಬಾಲ ಎತ್ತಿಕೊಂಡು ನಿಲ್ಲುತ್ತದೆ, ಅದಕ್ಕೇ ಆ ಹೆಸರು. ಅವಳ ಇಂಗ್ಲಿಷೂ ಕುಂಟು, ನನ್ನದೂ ಕುಂಟು, ಎರಡು ಕುಂಟು ಸೇರಿ ದಿನಾ ಹೇಗೋ ನಡೆಯುತ್ತಿದ್ದೆವು. ಈಗ ಅವಳಿಗೆ ಏಳು ತಿಂಗಳು. ಹೊಟ್ಟೆ ಮೇಜಿಗೆ ತಾಗುತ್ತದೆ ಎಂದು ಕೀಬೋರ್ಡನ್ನು ಹೊಟ್ಟೆ ಮೇಲೆಯೇ ಇಟ್ಟು ತೋರಿಸಿ ನಗಿಸುತ್ತಿದ್ದಳು.

ಅಮ್ಮ ಬಚ್ಚಲಲ್ಲಿ ಬಿದ್ದ ದಿನ ಮೊದಲು ಫೋನ್ ಮಾಡಿದ್ದು ನಿನಗೇ. "ಬರೋಕಾಗಲ್ಲ ಅಕ್ಕಾ, ತಿಂಗಳ ಕೊನೆ, ಒಂಬತ್ತು ದೇಶದ ಸಂಬಳ ಹೋಗಬೇಕು" ಅಂದೆ. ನನ್ನ ಕರಾರು ತೆಗೆದು ನೋಡಿದೆ. ಅದರ ಹಿಂದೆ ರಜೆಯ ಹಾಳೆ ಅಂತ ಒಂದಿದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ತಂದೆ ತಾಯಿಗೆ ಆಪರೇಷನ್ ಆದರೆ ಹತ್ತು ದಿನ ರಜೆ, ಮೊದಲೇ ಒಪ್ಪಿಗೆ ಬೇಡ, ತಿಳಿಸಿದರೆ ಸಾಕು. ತಿಳಿಸಿದೆ. ಲ್ಯಾಬಿನ ಮೇಲಿನವಳಿಗೂ ಬರೆದೆ, ನಿಮ್ಮ ಕಂಪನಿಯ ಸೈಟಿನಲ್ಲೂ ಹಾಕಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಹತ್ತು ದಿನ ಕೂತೆ, ಅಮ್ಮನ ಕಾಲು ಒತ್ತಿದೆ, ಬೆಡ್‌ಪ್ಯಾನ್ ತೊಳೆದೆ. ನನ್ನ ಪಾಲಿನ ಮುಂದಿನ ಹಲ್ಲುಗಳಲ್ಲಿ ಅರ್ಧವನ್ನು ಬೆಕ್ಕಿನವಳು ತನ್ನ ದವಡೆ ಹಲ್ಲಿನ ಜೊತೆ ಸದ್ದಿಲ್ಲದೆ ಮಾಡಿ ಮುಗಿಸಿದ್ದಳು, ಬಸುರಿ ಹೆಂಗಸು. ನನ್ನ ಮೇಲೆ ಬಾಕಿ ಬೀಳದಿರಲಿ ಎಂದು. ನಾನು ಕೇಳಿರಲಿಲ್ಲ. ಯಾಕೆ ಮಾಡಿದೆ ಎಂದರೆ, ಮುಂದೆ ನನ್ನ ಹೆರಿಗೆಯ ಹೊತ್ತಿಗೆ ನೀನು ನನ್ನ ದವಡೆ ಹಲ್ಲು ಮಾಡುವೆಯಂತೆ ಎಂದಳು. ಒಡಹುಟ್ಟಿದವನು ಸಂಬಳದ ಪಟ್ಟಿ ಹಿಡಿದು ಕೂತಿದ್ದ, ಮುಖಾಮುಖಿ ಒಮ್ಮೆಯೂ ನೋಡದ ಹೆಂಗಸು ಹೆಗಲು ಕೊಟ್ಟಳು.

ಹನ್ನೊಂದನೆಯ ದಿನ ಕಂಪ್ಯೂಟರು ತೆರೆದರೆ ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಮರೆತೆನೇನೋ ಎಂದು ಮೂರು ಸಲ ಹೊಡೆದೆ. ಆಮೇಲೆ ಮೇಲ್ ಬಂತು. ಒಪ್ಪಿಗೆಯಿಲ್ಲದೆ ಮೂರು ದಿನಕ್ಕಿಂತ ಹೆಚ್ಚು ಗೈರುಹಾಜರಾದ ಕಾರಣ ನಿಮ್ಮನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ನಿನ್ನ ಸಹಿ. ನಾನು ಅದನ್ನು ದೊಡ್ಡದು ಮಾಡಿ ನೋಡಿದೆ, ಹಲ್ಲಿನ ಅಂಚು ನೋಡುವ ಹಾಗೆ. ನಿನ್ನದೇ. ಕೊನೆಯ ಅಕ್ಷರದ ಕೆಳಗೆ ಬಾಲ ಎಳೆದು ಎರಡು ಚುಕ್ಕಿ. ನನ್ನ ಹೆಸರಿನ ಮುಂದೆ 'ಮಾನ್ಯರೇ' ಎಂದಿತ್ತು ಕಣೋ. ನಿನ್ನ ಮೂಗು ಒರೆಸಿದ ಅಕ್ಕ ನಿನಗೆ ಮಾನ್ಯರೇ ಆದಳು.

ಲ್ಯಾಬಿನ ಮೇಲಿನವಳಿಗೆ ಬರೆದೆ. ಅವಳು ಒಳ್ಳೆಯ ಮಾತಿನಲ್ಲೇ ಉತ್ತರ ಕೊಟ್ಟಳು, ನಿಮ್ಮ ಕೆಲಸದ ಬಗ್ಗೆ ನಮಗೆ ದೂರಿಲ್ಲ, ಆದರೆ ನಿಮ್ಮ ಮಾಲೀಕರು ನಾವಲ್ಲ, ಅವರನ್ನೇ ಕೇಳಿ ಎಂದು. ಸರಿ, ಮಾಲೀಕರನ್ನೇ ಕೇಳೋಣ ಎಂದು ಕರಾರಿನಲ್ಲಿದ್ದ ವಿಳಾಸ ಹಿಡಿದು ಹೊರಟೆ. ಎರಡು ಬಸ್ಸು ಬದಲಿಸಿ ಹೋದೆ. ಕೆಳಗೆ ಜೆರಾಕ್ಸ್ ಅಂಗಡಿ, ಅದರ ಪಕ್ಕ ಚಪ್ಪಲಿ ರಿಪೇರಿ, ಮೆಟ್ಟಿಲ ಮೇಲೆ ಒಡೆದ ನೀರಿನ ಕ್ಯಾನು. ಮೂರನೆಯ ಮಹಡಿಯಲ್ಲಿ ಒಂದೇ ಬಾಗಿಲು, ಅದರ ಮೇಲೆ ಹದಿನಾರು ಬೋರ್ಡು. ಎಣಿಸಿದೆ. ನಿಮ್ಮದು ಮೇಲಿನಿಂದ ಐದನೆಯದು, ಅಂಗೈ ಅಗಲ. ಒಳಗೆ ಒಬ್ಬಳು ಹುಡುಗಿ ಕಾಗದ ಜೋಡಿಸುತ್ತಿದ್ದಳು. ನನ್ನ ಕೆಲಸದ ವಿಷಯ ಮಾತಾಡಬೇಕು ಎಂದೆ. "ಇಲ್ಲಿ ಯಾರೂ ಇರಲ್ಲ ಆಂಟಿ, ಪೋಸ್ಟ್ ಬಂದ್ರೆ ಸ್ಕ್ಯಾನ್ ಮಾಡಿ ಕಳಿಸ್ತೀನಿ, ಅಷ್ಟೇ" ಅಂದಳು. ಒಂದು ವರ್ಷ ಎರಡು ತಿಂಗಳು ನಾನು ದುಡಿದ ಕಂಪನಿ ಆ ಹುಡುಗಿಯ ಮೇಜಿನ ಮೇಲಿನ ಒಂದು ಟ್ರೇ. ಅವಳ ತಪ್ಪೇನಿಲ್ಲ, ಪಾಪ, ನೀರು ಕೊಟ್ಟಳು. ಕುಡಿದು ಬಂದೆ.

ಆ ಸಂಜೆ ನೀನು ಫೋನ್ ಎತ್ತಿದೆ, ಸರಿಯಾಗಿ ಮಾತಾಡಿದ್ದು ಅದೇ ಕೊನೆ. ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಮುಂದೆ ಮರೆತೆ ಅನ್ನಬಾರದು. "ಅಕ್ಕಾ, ನನ್ನ ಕೈತಪ್ಪು. ನಿನ್ನದೂ ನಿನ್ನ ಜೊತೆ ಸೇರಿದವಳದೂ ಕರಾರು ಒಂದೇ ದಿನ ಮಾಡಿದ್ದು. ನಿನ್ನನ್ನ ಒಂದನೇ ತಾರೀಖಿಗೆ ಸೇರಿಸೋ ಅವಸರದಲ್ಲಿ ರಜೆ ಹಾಳೆ ಅದಲುಬದಲಾಗಿದೆ. ನಿನ್ನ ಹತ್ರ ಇರೋದು ಅವಳ ದೇಶದ್ದು, ನಮ್ಮ ಕಡೆ ಹಾಳೇಲಿ ಆ ಹತ್ತು ದಿನ ಇಲ್ಲ." ನನಗೆ ಅಲ್ಲಿಯವರೆಗೆ ಸಿಟ್ಟೇ ಬಂದಿರಲಿಲ್ಲ, ನಂಬು. ಮನುಷ್ಯ ಅಂದಮೇಲೆ ತಪ್ಪುತ್ತಾನೆ. ನಾನೂ ಒಮ್ಮೆ ಎಡಗಡೆಯ ಹಲ್ಲನ್ನು ಬಲಗಡೆಗೆ ಮಾಡಿ ಕಳಿಸಿ ಬೈಸಿಕೊಂಡಿದ್ದೇನೆ. ಹಾಗಾದರೆ ತಪ್ಪಾಯಿತು ಎಂದು ಬರೆದು ಸರಿಮಾಡು ಅಂದೆ. ಆಗ ನೀನು ಹೇಳಿದ್ದು, ಅದು ತಪ್ಪಲ್ಲ ಗುಂಡಾ, ಅದು ನೀಚತನ. "ಒಂದು ಹಾಳೆ ತಪ್ಪಿದೆ ಅಂದ್ರೆ ನಾನೂರು ಫೈಲೂ ತೆಗೆದು ನೋಡ್ತಾರೆ. ನನ್ನ ಕೆಲಸ ಹೋಗುತ್ತೆ. ನೀನೇ ಸ್ವಂತ ಇಚ್ಛೆಯಿಂದ ಬಿಟ್ಟೆ ಅಂತ ರಾಜೀನಾಮೆ ಬರೆದುಕೊಡು, ಆ ಕಾಗದ ವಾಪಸ್ ತಗೋತೀನಿ. ಅವಳದನ್ನ ಯಾರೂ ನೋಡಿಲ್ಲ, ನೀನೂ ಬಾಯಿ ಬಿಡಬೇಡ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತೇ ಕಬ್ಬಿಣ ಕಾಯಿಸಿಕೊಂಡು ಬಂದು, ಸ್ವಲ್ಪ ತಿರುಗಿ ನಿಂತುಕೋ ಅಕ್ಕಾ ಅಂದಿತು.

ನಿನಗೆ ಸಹಿ ಮಾಡಲು ಕಲಿಸಿದ್ದು ಯಾರು? ಈ ಮೇಜಿನ ಮೇಲೆ, ಅಪ್ಪನ ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ನಿನ್ನ ಕೈ ಹಿಡಿದು ಹೆಸರು ಬರೆಸಿದ್ದು ನಾನು. ಅಕ್ಷರ ಗೆರೆಯಾಚೆ ಹೋದರೆ ಒರೆಸಿ ಮತ್ತೆ ಬರೆಸುತ್ತಿದ್ದೆ. ನೀನು ಮೂರನೆಯ ತರಗತಿಯಲ್ಲಿ ಲೆಕ್ಕದಲ್ಲಿ ನಪಾಸಾಗಿ ಕಾರ್ಡನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡು ಬಂದೆ, ಅಪ್ಪ ಹೊಡೆಯುತ್ತಾರೆ ಎಂದು ನನ್ನ ಲಂಗ ಹಿಡಿದು ಅತ್ತೆ. ನಾನು ಅಪ್ಪನ ಸಹಿ ಹಾಕಿಕೊಟ್ಟೆ. ಹೆಡ್‌ಮೇಡಂ ಹಿಡಿದರು. ಅಪ್ಪ ಅಂಗೈ ಚಾಚಿಸಿ ಗಜದ ಕೋಲಿನಲ್ಲಿ ಎರಡು ಬಿಟ್ಟರು. ನೀನು ಬಾಗಿಲ ಹಿಂದೆ ಅಂಗಿಯ ಕಾಲರು ಚೀಪುತ್ತಾ ನಿಂತಿದ್ದೆ. ನೀನು ಕೇಳಿದ್ದಕ್ಕೆ ಹಾಕಿದೆ ಎಂದು ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಹೊಡೆದು ಮುಗಿಸಿ ಅಪ್ಪ ಹೇಳಿದರು, "ಯಾರ ಹೆಸರು ಬರೀತೀಯೋ ಅವರ ಮಾನ ನಿನ್ನ ಕೈಲಿರುತ್ತೆ, ತಿಳ್ಕೋ." ಇನ್ನೊಬ್ಬರ ಪರವಾಗಿ ಸಹಿ ಹಾಕಿದ್ದಕ್ಕೆ ನನಗೆ ಏಟು ಬಿತ್ತು. ನಿನಗೆ ಅದಕ್ಕೇ ಸಂಬಳ ಕೊಡುತ್ತಾರೆ, ಕೋಣೆ ಕೊಟ್ಟಿದ್ದಾರೆ, ತಣ್ಣನೆಯ ಗಾಳಿ ಹಾಕಿದ್ದಾರೆ. ಅಪ್ಪನ ಮಾತು ನನ್ನ ಅಂಗೈಗೆ ಬಿತ್ತು, ಬಾಗಿಲ ಹಿಂದೆ ನಿಂತವನ ಕಿವಿಗೆ ಬೀಳಲಿಲ್ಲ.

ಸೋಮವಾರ ಕಾರ್ಮಿಕ ಇಲಾಖೆಯ ಆಫೀಸಿಗೆ ಹೋಗಿದ್ದೆ. ನಿಮ್ಮ ಭಾವ ಬೇಡ ಅಂದರು, "ನಿನ್ನ ತಮ್ಮ ತಾನೇ, ನುಂಗ್ಕೊ" ಅಂದರು. ಅವರ ತಮ್ಮ ಅವರ ಸ್ಕೂಲ್ ವ್ಯಾನಿನ ಕನ್ನಡಿ ಮುರಿದಾಗ ವರ್ಷ ಮಾತು ಬಿಟ್ಟವರು ಅವರು, ನನಗೆ ನುಂಗುವ ಉಪದೇಶ. ಕೌಂಟರಿನಲ್ಲಿ ಒಬ್ಬರು ವಯಸ್ಸಾದ ಗುಮಾಸ್ತರು, ಮೇಲಿನ ಎಡಗಡೆ ಕೋರೆಹಲ್ಲಿನ ಪಕ್ಕದ್ದು ಇಲ್ಲ, ಮಾತಾಡುವಾಗ ಗಾಳಿ ಹೋಗುತ್ತದೆ. ನನ್ನ ಕಾಗದಗಳನ್ನೆಲ್ಲ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಓದಿದರು. "ಕೆಲಸ ಹೇಳೋರು ಒಂದು ದೇಶ, ಸಂಬಳ ಕೊಡೋರು ಇನ್ನೊಂದು ದೇಶ, ಕೂತು ಮಾಡೋರು ನೀವು ಇಲ್ಲಿ. ನಿಮ್ಮ ಮಾಲೀಕರು ಯಾರಮ್ಮ?" ಎಂದರು. ತಮಾಷೆ ಮಾಡಲಿಲ್ಲ, ನಿಜವಾಗಿ ಕೇಳಿದರು. ಅರ್ಜಿಯಲ್ಲಿ ಒಂದು ಜಾಗವಿದೆ, ಮಾಲೀಕರ ಅಥವಾ ಮಾಲೀಕರ ಪರವಾಗಿ ಸಹಿ ಮಾಡಿದವರ ಹೆಸರು. ಕಂಪನಿಯ ಹೆಸರು ಬರೆದರೆ ನೋಟೀಸು ಆ ಹುಡುಗಿಯ ಟ್ರೇಗೆ ಹೋಗಿ ಬೀಳುತ್ತದೆ, ಮನುಷ್ಯನ ಹೆಸರು ಬೇಕು ಎಂದರು. ಇಡೀ ಕಟ್ಟಿನಲ್ಲಿ ಮನುಷ್ಯನ ಹೆಸರು ಅಂತ ಇರುವುದು ಒಂದೇ. ಅವರು ಅದರ ಮೇಲೆ ಬೆರಳಿಟ್ಟು, "ಇವರು ಗೊತ್ತಾ?" ಎಂದರು. ಗೊತ್ತಿಲ್ಲ ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅರ್ಜಿ ಈಗ ನನ್ನ ಮುಂದೆ ಇದೆ. ಎಲ್ಲ ತುಂಬಿದ್ದೇನೆ, ಆ ಒಂದು ಜಾಗ ಬಿಟ್ಟು. ಕೊಡಲು ಮೂವತ್ತನೆಯ ತಾರೀಖು ಕಡೆಯ ದಿನ. ನಿನ್ನ ಹೆಸರು ಬಿದ್ದರೆ ನಿನ್ನನ್ನು ಕರೆಸುತ್ತಾರೆ, ನಿನ್ನ ಕಂಪನಿಗೆ ತಿಳಿಯುತ್ತದೆ, ನೀನು ಹೆದರಿದ್ದೆಲ್ಲ ಆಗುತ್ತದೆ. ನನಗೆ ಅದು ಬೇಡ. ನಿನ್ನ ಕೆಲಸ ತೆಗೆಸಿ ನಾನು ಉಣ್ಣುವ ಅನ್ನ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ನೀನು ಮಾಡಬೇಕಾದ್ದು ಇಷ್ಟೇ. ನಿಮ್ಮ ಮೇಲಿನವರಿಗೆ ಒಂದು ಸಾಲು ಬರೆ, ಎರಡು ಹಾಳೆ ಅದಲುಬದಲಾಗಿದೆ, ತಪ್ಪು ನನ್ನದು, ಇಬ್ಬರದನ್ನೂ ಸರಿಮಾಡಿ ಎಂದು. ಬೈಯುತ್ತಾರೆ, ಬೈಸಿಕೋ. ಮುಖ್ಯವಾಗಿ ಬೆಕ್ಕಿನವಳದನ್ನು ಸರಿಮಾಡು. ಅವಳ ಹತ್ತಿರ ಇರುವುದು ನಮ್ಮ ಕಡೆಯ ಹಾಳೆ. ಅದರ ಪ್ರಕಾರ ಎರಡು ವರ್ಷ ತುಂಬದೆ ಹೆರಿಗೆ ರಜೆಯಿಲ್ಲ. ಅವಳ ದೇಶದಲ್ಲಿ ಸೇರಿದ ದಿನದಿಂದಲೇ ಇದೆ, ಅವಳು ಅದನ್ನೇ ನಂಬಿಕೊಂಡು ಕೂತಿದ್ದಾಳೆ, ಹಾಳೆ ತೆಗೆದು ನೋಡಿಲ್ಲ. ಮುಂದಿನ ತಿಂಗಳು ರಜೆ ಕೇಳುತ್ತಾಳೆ. ಅಷ್ಟರೊಳಗೆ ಸರಿಯಾಗಬೇಕು. ದಿನಾ ಮೆಸೇಜು ಮಾಡಿ ಅಮ್ಮ ಹೇಗಿದ್ದಾರೆ ಎಂದು ಕೇಳುತ್ತಾಳೆ. ನಿನ್ನ ಮಾತಿಗೆ ಕಟ್ಟುಬಿದ್ದು ನಾನು ಚೆನ್ನಾಗಿದ್ದಾರೆ ಎಂದಷ್ಟೇ ಬರೆದು ಫೋನು ಮಗುಚಿ ಇಡುತ್ತೇನೆ. ಇಂಥ ಕೆಲಸವನ್ನು ನನ್ನ ಕೈಯಲ್ಲಿ ಮಾಡಿಸುತ್ತಿದ್ದೀಯಲ್ಲ, ಅದಕ್ಕೆ ನಿನ್ನನ್ನು ಹೇಗೆ ಬೈಯಬೇಕೋ ನನಗೆ ತಿಳಿಯುತ್ತಿಲ್ಲ.

ರಾಜೀನಾಮೆ ಬರೆದುಕೊಡುವುದಿಲ್ಲ. ಬಾಗಿಲಿಗೆ ಬಂದು ಕಾಲು ಹಿಡಿದರೂ ಇಲ್ಲ. ಸ್ವಂತ ಇಚ್ಛೆಯಿಂದ ನಾನು ಬಿಟ್ಟದ್ದು ಜೀವನದಲ್ಲಿ ಒಂದೇ, ನನ್ನ ಓದು, ಅದೂ ನಿನ್ನ ಫೀಸಿಗೋಸ್ಕರ. ಮತ್ತೊಮ್ಮೆ ಇಚ್ಛೆಪಡುವ ಇಚ್ಛೆ ನನಗಿಲ್ಲ.

ಪೋಸ್ಟಾಫೀಸು ಮುಚ್ಚುವ ಮೊದಲು ಹೋಗಬೇಕು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ನಿಮ್ಮ ಭಾವ ಕೇಳಿದೆ ಎಂದು ಬರೆ ಅಂದರು, ಬರೆದೆ. ನಿನಗೆ ಒಳ್ಳೆಯದಾಗಲಿ ಎಂದು ಹಾರೈಸದೆ ಕಾಗದ ಮುಗಿಸುವುದು ನನಗೆ ಬಾರದು, ಆದ್ದರಿಂದ ಒಳ್ಳೆಯದಾಗಲಿ, ಮೊದಲು ಒಳ್ಳೆಯ ಬುದ್ಧಿ ಬರಲಿ. ಕೊರಳಿಗೆ ಬಟ್ಟೆ ಸುತ್ತಿಕೋ.

ನಿನ್ನ ಅಕ್ಕ

(ನಿನ್ನ ಕಾಗದದಲ್ಲಿ: ಮಾನ್ಯರೇ)

ಮರೆತದ್ದಲ್ಲ, ಈಗ ಆದದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಬೆಕ್ಕಿನವಳ ಮೆಸೇಜು ಬಂತು. ಪೋಸ್ಟಾಫೀಸಿನ ಕಟ್ಟೆ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಓದಿಕೋ. ಶುಕ್ರವಾರ ಅವಳಿಗೆ ರಕ್ತ ಕಂಡಿತಂತೆ. ಹೆರಿಗೆಯವರೆಗೆ ಏಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಈಗಲೇ ರಜೆ ಕೇಳಿದಳು. ನಿನ್ನೆ ಉತ್ತರ ಬಂದಿದೆ, ನಿಮಗೆ ಎರಡು ವರ್ಷ ತುಂಬಿಲ್ಲ, ರಜೆಯಿಲ್ಲ, ಮೂರು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸದಿಂದ ತೆಗೆಯಲಾಗುವುದು. ಅವಳು ಚಿತ್ರ ತೆಗೆದು ಕಳಿಸಿದ್ದಾಳೆ. ಬಾಲ, ಎರಡು ಚುಕ್ಕಿ. ನಿನ್ನೆಯ ತಾರೀಖು. ಹಾಳೆ ತಪ್ಪೆಂದು ನಿನಗೆ ಗೊತ್ತಾಗಿ ಎಂಟನೆಯ ದಿನ. ಇದನ್ನು ಯಾವ ಅವಸರದಲ್ಲಿ ಮಾಡಿದೆ? ಅವಳು ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿಕೊಂಡು ದವಡೆ ಹಲ್ಲು ಮಾಡುತ್ತಿದ್ದಾಳೆ, ಮೂರು ದಿನ ತುಂಬಬಾರದಲ್ಲ. ಆ ಎಂಟು ದಿನ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಪಾಲು ನಾನು ಅವಳಿಗೆ ಹೇಳಿಕೊಂಡೆ, ನಿನ್ನದನ್ನೂ ಹೇಳಿದೆ, ನೀನು ನನ್ನ ತಮ್ಮ ಎಂಬುದನ್ನೂ. ಎಲ್ಲ ಓದಿ ಅವಳು, ಅಮ್ಮ ಹೇಗಿದ್ದಾರೆ ಎಂದು ಕೇಳಿದಳು.

ಖಾಲಿ ಜಾಗ ತುಂಬಿದ್ದೇನೆ ಗುಂಡಾ. ಪೋಸ್ಟಾಫೀಸಿನ ಪೆನ್ನಿನಲ್ಲಿ, ನಿನ್ನ ಪೂರ್ತಿ ಹೆಸರು, ಗೆರೆಯಾಚೆ ಹೋಗದ ಹಾಗೆ. ಅವಳ ದೇಶದ ಅರ್ಜಿಯಲ್ಲೂ ಅಂಥದ್ದೇ ಒಂದು ಜಾಗ ಇದೆಯಂತೆ, ನಿನ್ನ ಸಹಿ ಅವಳಿಗೆ ಓದಲು ಬರಲಿಲ್ಲ. ಅಕ್ಷರ ಒಂದೊಂದೇ ಬಿಡಿಸಿ ಹೇಳಿಕೊಟ್ಟೆ.